ಆರಿಸಿ ಮರ ಕಡಿದ ಕಾಡನ್ನು ನೋಡಲು ಯಾವ ಉಪಗ್ರಹ? ಅಮೆಜಾನ್ ಉದಾಹರಣೆಯೊಂದಿಗೆ ಒಂದು ಹೋಲಿಕೆ

ಕಾಡು ಪೂರ್ತಿ ಬೋಳಾದರೆ ಉಪಗ್ರಹ ಚಿತ್ರದಲ್ಲಿ ಯಾರಿಗಾದರೂ ಗೊತ್ತಾಗುತ್ತದೆ. ಹಸಿರಿದ್ದ ಕಡೆ ಕಂದು ಬಣ್ಣ, ಕತ್ತರಿಸಿದಂಥ ನೇರ ಅಂಚು. ಕಷ್ಟ ಇರುವುದು ಇನ್ನೊಂದು ಬಗೆಯ ಹಾನಿಯಲ್ಲಿ. ಬೆಲೆಬಾಳುವ ಮರಗಳನ್ನಷ್ಟೇ ಆರಿಸಿ ಕಡಿದು, ದಿಮ್ಮಿ ಎಳೆದುಕೊಂಡು ಹೋಗಿ, ಉಳಿದದ್ದನ್ನು ಹಾಗೇ ಬಿಟ್ಟರೆ ಮೇಲಿನಿಂದ ಅದು ಕಾಡಾಗಿಯೇ ಕಾಣುತ್ತದೆ. ಒಳಗೆ ಮಾತ್ರ ಸೊರಗಿರುತ್ತದೆ. ಬಿಸಿಲು ನೆಲಕ್ಕೆ ಇಳಿಯುತ್ತದೆ, ತರಗೆಲೆ ಒಣಗುತ್ತದೆ, ಬೆಂಕಿ ಬೇಗ ಹಿಡಿಯುತ್ತದೆ. ದಿಮ್ಮಿ ಸಾಗಿಸಲು ಮಾಡಿದ ದಾರಿಯಲ್ಲೇ ಮುಂದೆ ಬೇಟೆಯವರು, ಒತ್ತುವರಿ ಮಾಡುವವರು ಬರುತ್ತಾರೆ.

ಇದು ಸಣ್ಣ ಪ್ರಮಾಣದ ಹಾನಿ ಎಂದುಕೊಳ್ಳಬೇಡಿ. ಅಮೆರಿಕದ ವಿಜ್ಞಾನಿ ಗ್ರೆಗ್ ಆಸ್ನರ್ ಮತ್ತು ಸಂಗಡಿಗರು 2005ರಲ್ಲಿ ಬ್ರೆಜಿಲ್ ಅಮೆಜಾನ್‌ನ ಐದು ಮುಖ್ಯ ನಾಟಾ ರಾಜ್ಯಗಳ ಲೆಕ್ಕ ಪ್ರಕಟಿಸಿದರು. 1999ರಿಂದ 2002ರ ನಡುವೆ ಆರಿಸಿ ಮರ ಕಡಿದ ಕಾಡು ವರ್ಷಕ್ಕೆ 12,075ರಿಂದ 19,823 ಚದರ ಕಿಲೋಮೀಟರ್. ನಮ್ಮ ಇಡೀ ಉತ್ತರ ಕನ್ನಡ ಜಿಲ್ಲೆಯ ವಿಸ್ತೀರ್ಣ ಸುಮಾರು 10,300 ಚದರ ಕಿಲೋಮೀಟರ್. ಅಂದರೆ ಅತಿ ಕಡಿಮೆ ವರ್ಷದಲ್ಲೂ ಒಂದು ಉತ್ತರ ಕನ್ನಡಕ್ಕಿಂತ ಜಾಸ್ತಿ. ಅದೇ ವರ್ಷಗಳಲ್ಲಿ ಪೂರ್ತಿ ಬೋಳಾಯಿತು ಎಂದು ಲೆಕ್ಕಕ್ಕೆ ಸಿಕ್ಕ ಕಾಡಿಗೆ ಹೋಲಿಸಿದರೆ ಇದು 60ರಿಂದ 123 ಶೇಕಡಾ. ಅಷ್ಟು ದೊಡ್ಡ ಹಾನಿ ಆಗಿನ ಸರ್ಕಾರಿ ಲೆಕ್ಕಕ್ಕೆ ಬಿದ್ದಿರಲಿಲ್ಲ.

ಈಗ ಚಿತ್ರಗಳಿಗೆ ಬರ ಇಲ್ಲ. ಉಚಿತವಾಗಿ ಸಿಗುವುದೇ ಬೇಕಾದಷ್ಟಿದೆ. ವಿದ್ಯಾರ್ಥಿಗಳು, ವರದಿಗಾರರು, ಪರಿಸರ ಸಂಘಟನೆಯವರು ಎಲ್ಲರೂ ಕೇಳುವ ಮೊದಲ ಪ್ರಶ್ನೆ, "ಯಾವುದು ಹೆಚ್ಚು ಸ್ಪಷ್ಟ?" ನನ್ನ ಅನುಭವದಲ್ಲಿ ಅದಕ್ಕಿಂತ ಮೊದಲು ಕೇಳಬೇಕಾದದ್ದು ಎರಡಿದೆ. ನೀವು ಹುಡುಕುತ್ತಿರುವ ಗುರುತು ಯಾವುದು? ಅದು ಎಷ್ಟು ದಿನ ಅಲ್ಲಿ ಉಳಿಯುತ್ತದೆ? ಈ ಎರಡಕ್ಕೆ ಉತ್ತರ ಸಿಕ್ಕರೆ ಉಪಗ್ರಹದ ಆಯ್ಕೆ ಬಹುಮಟ್ಟಿಗೆ ತಾನಾಗೇ ಆಗುತ್ತದೆ.

ಕಡಿತ ಬಿಟ್ಟುಹೋಗುವ ಗುರುತುಗಳು

ರೊಂಡೋನಿಯಾ ರಾಜ್ಯದ ಜಮಾರಿ ರಾಷ್ಟ್ರೀಯ ಅರಣ್ಯವನ್ನು ತೆಗೆದುಕೊಳ್ಳಿ. 2006ರ ಕಾನೂನಿನ ಪ್ರಕಾರ ಬ್ರೆಜಿಲ್ ಕೇಂದ್ರ ಸರ್ಕಾರ ಮರ ಕಡಿಯಲು ಗುತ್ತಿಗೆ ಕೊಟ್ಟ ಮೊದಲ ಕಾಡು ಇದು. ಇಂಥ ಕಡೆ ಹೆಕ್ಟೇರಿಗೆ ಗರಿಷ್ಠ 30 ಘನ ಮೀಟರ್ ತೆಗೆಯಬಹುದು, ಆಮೇಲೆ ಸುಮಾರು 35 ವರ್ಷ ಆ ತುಂಡನ್ನು ಮುಟ್ಟುವಂತಿಲ್ಲ ಎಂಬ ನಿಯಮ ಇದೆ. ನಿಯಮ ಪಾಲಿಸಿದರೂ ಕಾಡಿನಲ್ಲಿ ನಾಲ್ಕು ಗುರುತು ಬೀಳುತ್ತವೆ.

ಮೊದಲನೆಯದು ಲಾರಿ ಓಡಾಡುವ ಮಣ್ಣುದಾರಿ. ಉದ್ದವಾಗಿರುವುದರಿಂದ ಸುಲಭವಾಗಿ ಸಿಗುತ್ತದೆ. ಎರಡನೆಯದು ದಿಮ್ಮಿ ರಾಶಿ ಹಾಕುವ ಅಂಗಳ. ಅಲ್ಲಿನವರು ಇದನ್ನು ಪಾಚಿಯೊ ಅನ್ನುತ್ತಾರೆ. ಎಚ್ಚರಿಕೆಯಿಂದ ಕೆಲಸ ಮಾಡುವ ಕಡೆ ಇದು 20 ಮೀಟರ್ ಉದ್ದ, 25 ಮೀಟರ್ ಅಗಲ, ಅಂದರೆ ಐದು ಗುಂಟೆ. ಅಡ್ಡಾದಿಡ್ಡಿ ಕಡಿಯುವ ಕಡೆ ಇನ್ನೂ ದೊಡ್ಡದು. ಮೂರನೆಯದು ಟ್ರ್ಯಾಕ್ಟರ್ ದಿಮ್ಮಿ ಎಳೆದ ಜಾಡು, ಮೂರ್ನಾಲ್ಕು ಮೀಟರ್ ಅಗಲ. ಮೇಲೆ ಕೊಂಬೆಗಳು ಕೂಡಿಕೊಂಡಿದ್ದರೆ ಇದು ಆಕಾಶಕ್ಕೆ ಕಾಣುವುದೇ ಇಲ್ಲ. ನಾಲ್ಕನೆಯದು ಮರ ಬಿದ್ದಲ್ಲಿ ಮೇಲ್ಚಾವಣಿಯಲ್ಲಿ ಆದ ಕಂಡಿ. ದೊಡ್ಡ ಮರ ಬೀಳುವಾಗ ಬಳ್ಳಿಯಿಂದ ಹೆಣೆದುಕೊಂಡ ಅಕ್ಕಪಕ್ಕದ ಮರಗಳನ್ನೂ ಎಳೆದುಕೊಂಡು ಬೀಳುತ್ತದೆ. ಹಾಗಾಗಿ ಒಂದು ಕಂಡಿಗೆ ಎರಡು ಮೂರು ಗುಂಟೆ ಸುಲಭವಾಗಿ ಹೋಗುತ್ತದೆ.

ಈ ನಾಲ್ಕರ ಆಯುಷ್ಯ ಬೇರೆ ಬೇರೆ. ಕಂಡಿ ಬೇಗ ಮುಚ್ಚುತ್ತದೆ. ಸುತ್ತಲಿನ ಮರಗಳು ಕೊಂಬೆ ಚಾಚುತ್ತವೆ, ಕೆಳಗಿನ ಸಸಿಗಳು ಬಿಸಿಲು ಕಂಡು ಭರ‍್ರೆಂದು ಏಳುತ್ತವೆ. ಒಂದೆರಡು ವರ್ಷದಲ್ಲಿ ಉಪಗ್ರಹಕ್ಕೆ ಅದು ಮತ್ತೆ ಹಸಿರು. ಅಂಗಳದ ಮಣ್ಣನ್ನು ಯಂತ್ರಗಳು ತುಳಿದು ಗಟ್ಟಿಮಾಡಿರುತ್ತವೆ, ಅಲ್ಲಿ ಗಿಡ ನಿಧಾನಕ್ಕೆ ಹುಟ್ಟುತ್ತದೆ. ಬಳಕೆಯಲ್ಲಿರುವ ದಾರಿ ವರ್ಷಗಟ್ಟಲೆ ಉಳಿಯುತ್ತದೆ. ಹಾಗಾಗಿ "ಕಳೆದ ವರ್ಷ ಇಲ್ಲಿ ಕಡಿತ ಆಗಿತ್ತಾ" ಎಂದು ನೋಡುವುದಕ್ಕೂ "ಐದು ವರ್ಷದ ಹಿಂದೆ ಆಗಿತ್ತಾ" ಎಂದು ನೋಡುವುದಕ್ಕೂ ಒಂದೇ ಚಿತ್ರ, ಒಂದೇ ವಿಧಾನ ಸಾಲದು.

ಲ್ಯಾಂಡ್‌ಸ್ಯಾಟ್, ಸೆಂಟಿನೆಲ್-2, ಪ್ಲಾನೆಟ್

ಬೆಳಕಿನಲ್ಲಿ ಚಿತ್ರ ತೆಗೆಯುವ ಉಪಗ್ರಹಗಳಲ್ಲಿ ಹೆಚ್ಚಿನವರ ಆಯ್ಕೆ ಈ ಮೂರರ ನಡುವೆ: ಅಮೆರಿಕ ಸರ್ಕಾರದ ಲ್ಯಾಂಡ್‌ಸ್ಯಾಟ್, ಯುರೋಪಿನ ಸೆಂಟಿನೆಲ್-2, ಖಾಸಗಿ ಕಂಪನಿ ಪ್ಲಾನೆಟ್‌ನ ಉಪಗ್ರಹಗಳು. ಇಲ್ಲಿ ನಮ್ಮ ಗುಂಟೆ ಲೆಕ್ಕ ಬಹಳ ಅನುಕೂಲ. ಸೆಂಟಿನೆಲ್-2ರ ಒಂದು ಪಿಕ್ಸೆಲ್, ಅಂದರೆ ಚಿತ್ರದ ಅತಿ ಚಿಕ್ಕ ಚೌಕ, 10 ಮೀಟರ್ ಉದ್ದ, 10 ಮೀಟರ್ ಅಗಲ. ಹೆಚ್ಚುಕಡಿಮೆ ಸರಿಯಾಗಿ ಒಂದು ಗುಂಟೆ. ಲ್ಯಾಂಡ್‌ಸ್ಯಾಟ್‌ನದು 30 ಮೀಟರ್, ಅಂದರೆ ಒಂಬತ್ತು ಗುಂಟೆ. ಪ್ಲಾನೆಟ್ ಕಂಪನಿಯ ತಿಂಗಳ ಚಿತ್ರಗಳಲ್ಲಿ ಒಂದು ಪಿಕ್ಸೆಲ್ 4.77 ಮೀಟರ್, ಕಾಲು ಗುಂಟೆಗಿಂತ ಸ್ವಲ್ಪ ಕಡಿಮೆ.

ಈಗ ಆ ಐದು ಗುಂಟೆಯ ಅಂಗಳವನ್ನು ಇವುಗಳ ಮೇಲೆ ಇಟ್ಟು ನೋಡಿ. ಪ್ಲಾನೆಟ್‌ನಲ್ಲಿ ಇಪ್ಪತ್ತಕ್ಕೂ ಹೆಚ್ಚು ಪಿಕ್ಸೆಲ್ ತುಂಬುತ್ತದೆ. ಆಕಾರವೇ ಕಾಣುತ್ತದೆ. ಸೆಂಟಿನೆಲ್-2ರಲ್ಲಿ ಐದು ಪಿಕ್ಸೆಲ್. ಆಕಾರ ಸಿಗದಿದ್ದರೂ ಏನೋ ತೆರೆದಿದೆ ಎಂದು ಖಚಿತವಾಗಿ ಹೇಳಬಹುದು. ಲ್ಯಾಂಡ್‌ಸ್ಯಾಟ್‌ನಲ್ಲಿ ಅದು ಒಂದು ಪಿಕ್ಸೆಲ್ಲಿನ ಅರ್ಧ ಮಾತ್ರ. ಸಾಲದ್ದಕ್ಕೆ ಅದು ಎರಡು ಮೂರು ಪಿಕ್ಸೆಲ್‌ಗಳ ನಡುವೆ ಹಂಚಿಹೋಗಿರಬಹುದು.

ಹಾಗಾದರೆ ಲ್ಯಾಂಡ್‌ಸ್ಯಾಟ್ ಬಿಟ್ಟುಬಿಡೋಣವೇ? ಬೇಡ. ಅದರ ಬಲ ಹಳೆಯ ಚಿತ್ರಗಳಲ್ಲಿದೆ. 30 ಮೀಟರ್ ಚಿತ್ರಗಳು 1980ರ ದಶಕದಿಂದ ಇವೆ, 2008ರಿಂದ ಎಲ್ಲವೂ ಉಚಿತ. ಸೆಂಟಿನೆಲ್-2 ಹಾರಿದ್ದೇ 2015ರಲ್ಲಿ. ಅದಕ್ಕೂ ಹಿಂದಿನ ಕಥೆ ಬೇಕಿದ್ದರೆ ನಿಮಗೆ ಬೇರೆ ಅಂಥ ಆಸರೆ ಇಲ್ಲ. ಒಂದು ಕಾಡನ್ನು ಮೊದಲ ಸಲ ಕಡಿದಿದ್ದಾರೋ, ಮೂರನೇ ಸಲವೋ ಎಂದು ತಿಳಿಯುವುದು ಬಹಳ ಮುಖ್ಯ, ಯಾಕೆಂದರೆ ಮೇಲಿಂದ ಮೇಲೆ ಕಡಿದ ಕಾಡು ಕೊನೆಗೆ ಸುಟ್ಟು ಹುಲ್ಲುಗಾವಲಾಗುವ ಸಂಭವ ಹೆಚ್ಚು. ಆ ಇತಿಹಾಸ ಲ್ಯಾಂಡ್‌ಸ್ಯಾಟ್ ಬಳಿ ಮಾತ್ರ ಇದೆ.

ಜೊತೆಗೆ, ಅರ್ಧ ಪಿಕ್ಸೆಲ್ಲಿನ ಒಳಗೂ ನೋಡುವ ಉಪಾಯ ಒಂದಿದೆ. ಒಂದು ಪಿಕ್ಸೆಲ್ಲಿನ ಬಣ್ಣ ಹಲವು ವಸ್ತುಗಳ ಬೆರಕೆ. ಹಸಿರೆಲೆ ಎಷ್ಟು, ಒಣ ಕಟ್ಟಿಗೆ ಮತ್ತು ತರಗು ಎಷ್ಟು, ಬರಿ ಮಣ್ಣು ಎಷ್ಟು, ನೆರಳು ಎಷ್ಟು ಎಂದು ಗಣಿತದಿಂದ ಬಿಡಿಸಬಹುದು. ಬೆಲೆಂ ನಗರದ ಇಮಾಜಾನ್ ಸಂಸ್ಥೆಯ ಕಾರ್ಲೋಸ್ ಸೋಜಾ ಮತ್ತು ಸಂಗಡಿಗರು 2005ರಲ್ಲಿ ಈ ಭಾಗಗಳನ್ನು ಸೇರಿಸಿ ಎನ್‌ಡಿಎಫ್‌ಐ ಎಂಬ ಸೂಚ್ಯಂಕ ಮಾಡಿದರು. ದಟ್ಟ ಕಾಡಿನಲ್ಲಿ ಅದು 1ರ ಹತ್ತಿರ ಇರುತ್ತದೆ. ಮರ ಕಡಿದ ಮೇಲೆ ಒಣ ಕೊಂಬೆ, ಮಣ್ಣು ಕಾಣಿಸಿಕೊಂಡ ಕೂಡಲೇ ಕೆಳಗಿಳಿಯುತ್ತದೆ. ಬಣ್ಣದ ಚಿತ್ರದಲ್ಲಿ ಬರಿ ಹಸಿರಾಗಿ ಕಂಡ ಜಾಗ, ಈ ಸೂಚ್ಯಂಕ ಹಾಕಿದ ತಕ್ಷಣ ದಾರಿಯ ಉದ್ದಕ್ಕೂ ದಾರಕ್ಕೆ ಪೋಣಿಸಿದ ಮಣಿಗಳಂತೆ ಅಂಗಳಗಳನ್ನು ತೋರಿಸುತ್ತದೆ. ಈ ಜೋಡಣೆ ಕಂಡರೆ ಅದು ನಾಟಾ ಕಡಿತ ಎಂದು ಬಹುಮಟ್ಟಿಗೆ ಹೇಳಬಹುದು. ಗಾಳಿಗೆ ಬಿದ್ದ ಮರಗಳು ಹೀಗೆ ಸಾಲು ಹಿಡಿದು ಬೀಳುವುದಿಲ್ಲ.

ಸೆಂಟಿನೆಲ್-2ರಲ್ಲೂ ಇದೇ ಲೆಕ್ಕ ಮಾಡಬಹುದು. ಆದರೆ ಒಂದು ವಿಷಯ ಗಮನದಲ್ಲಿರಲಿ. ಒಣ ಕಟ್ಟಿಗೆ ಮತ್ತು ಮಣ್ಣನ್ನು ಬೇರೆ ಮಾಡಿ ತೋರಿಸುವ, ಕಣ್ಣಿಗೆ ಕಾಣದ ಕಿರು-ಅವಗೆಂಪು ಬೆಳಕಿನ ಪಟ್ಟಿಗಳು ಇದರಲ್ಲಿ 10 ಮೀಟರ್ ಇಲ್ಲ, 20 ಮೀಟರ್. ಅಂದರೆ ನಾಲ್ಕು ಗುಂಟೆ. ಜಾಹೀರಾತಿನ "10 ಮೀಟರ್" ನಾಲ್ಕು ಪಟ್ಟಿಗಳಿಗೆ ಮಾತ್ರ. ಆದರೂ ಎರಡು ಉಪಗ್ರಹ ಸೇರಿ ಐದು ದಿನಕ್ಕೊಮ್ಮೆ ಅದೇ ಜಾಗಕ್ಕೆ ಬರುತ್ತವೆ, ಲ್ಯಾಂಡ್‌ಸ್ಯಾಟ್ 8 ಮತ್ತು 9 ಸೇರಿ ಎಂಟು ದಿನಕ್ಕೊಮ್ಮೆ. ಮೋಡಗಳ ನಡುವೆ ಒಂದು ತಿಳಿಯಾದ ದಿನ ಹಿಡಿಯಬೇಕಾದ ಕಡೆ ಈ ಮೂರು ದಿನದ ವ್ಯತ್ಯಾಸ ದೊಡ್ಡದು. ಒಬ್ಬರೇ ಕೂತು ಒಂದು ಪ್ರದೇಶ ನೋಡುವವರಿಗೆ ನಾನು ಕಣ್ಣುಮುಚ್ಚಿ ಹೇಳುವುದು ಸೆಂಟಿನೆಲ್-2.

ಪ್ಲಾನೆಟ್ ವಿಷಯ ಬೇರೆ. ನಾರ್ವೆ ಸರ್ಕಾರ ಹಣ ಕೊಟ್ಟು 2020ರಿಂದ ಉಷ್ಣವಲಯದ ಕಾಡುಗಳ ಪ್ಲಾನೆಟ್ ಚಿತ್ರಗಳನ್ನು ಎಲ್ಲರಿಗೂ ಉಚಿತವಾಗಿ ಸಿಗುವಂತೆ ಮಾಡಿತ್ತು. ಹಳ್ಳಿಯ ಸಂಘಟನೆಗಳೂ ತಮ್ಮ ಕಾಡನ್ನು ತಿಂಗಳು ತಿಂಗಳು ನೋಡುವಂತಾಯಿತು. ಆ ಒಪ್ಪಂದ 2025ರ ಆರಂಭದಲ್ಲಿ ಮುಗಿಯಿತು. ಇದರಿಂದ ಕಲಿಯಬೇಕಾದದ್ದು ಇದೆ. ಖಾಸಗಿ ಕಂಪನಿಯ ಚಿತ್ರದ ಮೇಲೆ ಪೂರ್ತಿ ಕೆಲಸ ಕಟ್ಟಿದರೆ, ಒಪ್ಪಂದ ಮುಗಿದ ದಿನ ನಿಮ್ಮ ಕೆಲಸವೂ ನಿಲ್ಲಬಹುದು. ಇನ್ನೊಂದು ಕೊರತೆ ಎಂದರೆ ಆ ತಿಂಗಳ ಚಿತ್ರಗಳಲ್ಲಿ ನೀಲಿ, ಹಸಿರು, ಕೆಂಪು, ಅವಗೆಂಪು ಅಷ್ಟೇ ಇರುತ್ತಿದ್ದವು. ಕಿರು-ಅವಗೆಂಪು ಇಲ್ಲ. ಕಣ್ಣಿಗೆ ಸ್ಪಷ್ಟ, ಗಣಿತಕ್ಕೆ ಸ್ವಲ್ಪ ಬಡ. ಹಾಗಾಗಿ ಹುಡುಕಲು ಸೆಂಟಿನೆಲ್-2, ಸಿಕ್ಕ ಜಾಗವನ್ನು ಹತ್ತಿರದಿಂದ ಖಚಿತಪಡಿಸಲು ಪ್ಲಾನೆಟ್ ಎಂದು ಭಾಗ ಮಾಡಿಕೊಳ್ಳುವುದು ಒಳ್ಳೆಯದು. ಇನ್ನೂ ಸ್ಪಷ್ಟ ಬೇಕೆಂದರೆ 30 ಸೆಂಟಿಮೀಟರ್ ಚಿತ್ರ ಕೊಡುವ ಕಂಪನಿ ಉಪಗ್ರಹಗಳಿವೆ. ಬಿದ್ದ ದಿಮ್ಮಿಯನ್ನೇ ನೋಡಬಹುದು. ದುಡ್ಡು ಜಾಸ್ತಿ. ಕೋರ್ಟಿನ ಸಾಕ್ಷಿಗೆ ಬೇಕಾದಾಗ ಮಾತ್ರ ಅದರ ಬಗ್ಗೆ ಯೋಚಿಸಿ.

ಮೋಡ ಕವಿದಾಗ ರೇಡಾರ್

ಜಮಾರಿಯ ಕಡೆ ಸುಮಾರು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಕಡಿಮೆ. ಕಡಿತವೂ ಆಗಲೇ ಜೋರು, ಯಾಕೆಂದರೆ ಕೆಸರಿನಲ್ಲಿ ಲಾರಿ ಓಡುವುದಿಲ್ಲ. ಇದು ನೋಡುವವರಿಗೆ ಅನುಕೂಲ. ಆದರೆ ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಸುಟ್ಟ ಹೊಲಗಳ ಹೊಗೆ ಆಕಾಶ ತುಂಬುತ್ತದೆ. ಇನ್ನು ಗಬಾನ್ ಕರಾವಳಿ, ಗಯಾನಾದಂಥ ಕಡೆ ಮೋಡ ವರ್ಷದ ಬಹುಪಾಲು ಕದಲುವುದೇ ಇಲ್ಲ. ಅಲ್ಲಿ ಬೆಳಕಿನ ಉಪಗ್ರಹ ನಂಬಿ ಕೂತರೆ ತಿಂಗಳುಗಳೇ ಕಳೆಯುತ್ತವೆ.

ರೇಡಾರ್ ಮೋಡ, ಹೊಗೆ, ರಾತ್ರಿ ಯಾವುದನ್ನೂ ಲೆಕ್ಕಕ್ಕೆ ಇಡುವುದಿಲ್ಲ. ಯುರೋಪಿನ ಸೆಂಟಿನೆಲ್-1 ಇದರಲ್ಲಿ ಎಲ್ಲರಿಗೂ ಉಚಿತವಾಗಿ ಸಿಗುವಂಥದ್ದು. ಅದರ ಅಲೆಯ ಉದ್ದ ಸುಮಾರು 5.6 ಸೆಂಟಿಮೀಟರ್. ಇಷ್ಟು ಚಿಕ್ಕ ಅಲೆ ಎಲೆ, ಸಣ್ಣ ಕೊಂಬೆಗಳಿಗೇ ತಾಗಿ ವಾಪಸ್ ಬರುತ್ತದೆ. ಹಾಗಾಗಿ ಮೇಲ್ಚಾವಣಿ ತೆರೆದರೆ ಮಾತ್ರ ಅದಕ್ಕೆ ಗೊತ್ತಾಗುತ್ತದೆ. ಕಂಡಿಯ ಅಂಚಿನ ಎತ್ತರದ ಮರಗಳು ರೇಡಾರ್‌ಗೆ ಹೊಸ ನೆರಳು ಬೀಳಿಸುತ್ತವೆ, ಕಡಿತದ ಪತ್ತೆಗೆ ಆ ನೆರಳು ಬಹಳ ನೆರವಾಗುತ್ತದೆ. ತೊಂದರೆ ಎಂದರೆ ರೇಡಾರ್ ಚಿತ್ರದಲ್ಲಿ ಯಾವಾಗಲೂ ಚುಕ್ಕೆ ಚುಕ್ಕೆ ಗದ್ದಲ ಇರುತ್ತದೆ. ಒಂದು ಚಿತ್ರ ನೋಡಿ ತೀರ್ಮಾನಕ್ಕೆ ಬರುವಂತಿಲ್ಲ. ಒಂದರ ಮೇಲೊಂದು ಹಲವು ಚಿತ್ರಗಳಲ್ಲಿ ಅದೇ ಬದಲಾವಣೆ ಉಳಿದಿದೆಯಾ ಎಂದು ನೋಡಬೇಕು. ಜವುಗು ನೆಲ, ಕಡಿದಾದ ಬೆಟ್ಟದ ಇಳಿಜಾರು, ಜೋರು ಮಳೆಯ ಮರುದಿನ, ಈ ಮೂರೂ ಸುಳ್ಳು ಎಚ್ಚರಿಕೆ ಕೊಡುತ್ತವೆ.

2021ರ ಡಿಸೆಂಬರ್‌ನಲ್ಲಿ ಸೆಂಟಿನೆಲ್-1ಬಿ ಕೆಟ್ಟುಹೋಯಿತು. ಜೋಡಿಯಲ್ಲಿ ಒಂದೇ ಉಳಿಯಿತು, ಮುಂದಿನದು ಹಾರಿದ್ದು 2024ರ ಡಿಸೆಂಬರ್‌ನಲ್ಲಿ. ಮೂರು ವರ್ಷ ಎಷ್ಟೋ ಕಡೆ ಚಿತ್ರಗಳು ವಿರಳವಾದವು. ನಿಮ್ಮ ಕೆಲಸ ಒಂದೇ ಉಪಗ್ರಹದ ಮೇಲೆ ನಿಂತಿದ್ದರೆ ಇಂಥ ಗ್ಯಾಪ್ ಯಾವಾಗ ಬೇಕಾದರೂ ಬರಬಹುದು.

ಉದ್ದ ಅಲೆಯ ರೇಡಾರ್ ಎಲೆಗಳನ್ನು ದಾಟಿ ದೊಡ್ಡ ಕೊಂಬೆ, ಕಾಂಡದವರೆಗೆ ಇಳಿಯುತ್ತದೆ. ಜಪಾನಿನ ಆಲೋಸ್-2 ಹೀಗೆ ಸುಮಾರು 24 ಸೆಂಟಿಮೀಟರ್ ಅಲೆ ಬಳಸುತ್ತದೆ. ಅದರ ಚಿತ್ರಗಳಿಂದ ಜಪಾನ್ 2016ರಲ್ಲಿ ಉಷ್ಣವಲಯದ ದೇಶಗಳಿಗೆ ಎಚ್ಚರಿಕೆ ವ್ಯವಸ್ಥೆಯನ್ನೂ ಶುರು ಮಾಡಿತು. ಇದರಲ್ಲಿ ಒಂದು ವಿಚಿತ್ರ ಇದೆ, ಹೊಸಬರು ಇಲ್ಲೇ ದಾರಿ ತಪ್ಪುತ್ತಾರೆ. ಮರ ಕಡಿದ ತಕ್ಷಣ ರೇಡಾರ್ ಪ್ರತಿಧ್ವನಿ ಕಡಿಮೆಯಾಗುವ ಬದಲು ಜಾಸ್ತಿಯಾಗಬಹುದು. ನೆಲದ ಮೇಲೆ ಅಡ್ಡ ಬಿದ್ದ ಕಾಂಡಗಳು ಅಲೆಯನ್ನು ಜೋರಾಗಿ ಹಿಂದಕ್ಕೆ ಕಳಿಸುತ್ತವೆ. ದಿಮ್ಮಿ ಸಾಗಿಸಿ ಜಾಗ ಸಾಫ್ ಆದ ಮೇಲೆ ಇಳಿಯುತ್ತದೆ. ಬರೀ ಇಳಿಕೆಯನ್ನೇ ಹುಡುಕುತ್ತಿದ್ದರೆ ಮೊದಲ ವಾರಗಳು ಕೈತಪ್ಪುತ್ತವೆ.

ಇದೇ ಬಗೆಯ ಅಲೆ ಬಳಸುವ ನೈಸಾರ್, ಇಸ್ರೋ ಮತ್ತು ನಾಸಾ ಕೂಡಿ ಮಾಡಿದ ಉಪಗ್ರಹ. ಅದರ ಭಾಗಗಳನ್ನು ಜೋಡಿಸಿ ಪರೀಕ್ಷಿಸಿದ್ದು ಬೆಂಗಳೂರಿನಲ್ಲಿ. 2025ರ ಜುಲೈ 30ರಂದು ಶ್ರೀಹರಿಕೋಟಾದಿಂದ ಹಾರಿತು. 12 ದಿನಕ್ಕೊಮ್ಮೆ ಅದೇ ಪಥಕ್ಕೆ ಬರುತ್ತದೆ. ಇಲ್ಲಿಯವರೆಗೆ ಉದ್ದ ಅಲೆಯ ರೇಡಾರ್ ಚಿತ್ರ ಇಷ್ಟು ನಿಯಮಿತವಾಗಿ, ಉಚಿತವಾಗಿ ಇಡೀ ಜಗತ್ತಿಗೆ ಸಿಕ್ಕಿರಲಿಲ್ಲ. ಕಾಂಗೋ ಕಣಿವೆಯಂಥ ಮೋಡದ ಕಾಡುಗಳಿಗೆ ನಾನು ಹೆಚ್ಚು ನಿರೀಕ್ಷೆ ಇಟ್ಟುಕೊಂಡಿರುವುದು ಇದರ ಮೇಲೆ. ಅದೇ ವರ್ಷ ಏಪ್ರಿಲ್‌ನಲ್ಲಿ ಯುರೋಪ್ ಹಾರಿಸಿದ ಬಯೋಮಾಸ್ ಉಪಗ್ರಹದ ಅಲೆ ಸುಮಾರು 70 ಸೆಂಟಿಮೀಟರ್. ಅದು ಕಾಡಿನ ಒಟ್ಟು ತೂಕ ಅಳೆಯಲು ಮಾಡಿದ್ದು. ಒಂದೊಂದು ಅಂಗಳ ಹುಡುಕಲು ಅದನ್ನು ಆರಿಸಬೇಡಿ.

ಸಿದ್ಧ ಎಚ್ಚರಿಕೆಗಳು ಸಾಕಾ?

ಎಲ್ಲರೂ ತಾವೇ ಕೂತು ಉಪಗ್ರಹ ಚಿತ್ರಗಳನ್ನು ವಿಶ್ಲೇಷಿಸಬೇಕಿಲ್ಲ. ಬೇರೆಯವರು ಮಾಡಿಟ್ಟ ಎಚ್ಚರಿಕೆಗಳಿವೆ. ಆದರೆ ಪ್ರತಿಯೊಂದೂ ಬೇರೆ ಪ್ರಶ್ನೆಗೆ ಉತ್ತರ ಕೊಡುತ್ತದೆ. ಈ ವ್ಯತ್ಯಾಸ ಗೊತ್ತಿಲ್ಲದೆ ಅಂಕಿ ಎತ್ತಿ ಬರೆಯುವುದನ್ನು ನೋಡಿದಾಗ ಬೇಸರವಾಗುತ್ತದೆ.

ಬ್ರೆಜಿಲ್‌ನ ಬಾಹ್ಯಾಕಾಶ ಸಂಶೋಧನಾ ಸಂಸ್ಥೆ ಇನ್ಪೆ 1988ರಿಂದ ಪ್ರೋಡೆಸ್ ಎಂಬ ವಾರ್ಷಿಕ ಲೆಕ್ಕ ಕೊಡುತ್ತಿದೆ. 2004ರಲ್ಲಿ 27,772 ಚದರ ಕಿಲೋಮೀಟರ್ ಇದ್ದ ಅರಣ್ಯನಾಶ 2012ಕ್ಕೆ 4,571ಕ್ಕೆ ಇಳಿಯಿತು ಎಂದು ಜಗತ್ತಿಗೆ ಗೊತ್ತಾದದ್ದು ಇದರಿಂದ. ಆದರೆ ಪ್ರೋಡೆಸ್ ಎಣಿಸುವುದು ಪೂರ್ತಿ ಬೋಳಾದ ಜಾಗವನ್ನು, ಅದೂ 6.25 ಹೆಕ್ಟೇರಿಗಿಂತ ದೊಡ್ಡದನ್ನು. ಹದಿನೈದೂವರೆ ಎಕರೆ. ಐದು ಗುಂಟೆಯ ಅಂಗಳಕ್ಕೂ ಎರಡು ಗುಂಟೆಯ ಕಂಡಿಗೂ ಅಲ್ಲಿ ಜಾಗವೇ ಇಲ್ಲ. ನಾಟಾ ಕಡಿತದ ಬಗ್ಗೆ ಪ್ರೋಡೆಸ್ ಅಂಕಿ ಉಲ್ಲೇಖಿಸುವುದು ತಪ್ಪು.

ಅದೇ ಸಂಸ್ಥೆಯ ಡೆಟೆರ್ ಇದಕ್ಕೆ ಹತ್ತಿರ. 2004ರಲ್ಲಿ ಶುರುವಾದಾಗ ನಾಸಾದ ಮೋಡಿಸ್ ಉಪಕರಣದ 250 ಮೀಟರ್ ಪಿಕ್ಸೆಲ್‌ನ ಚಿತ್ರ ಬಳಸುತ್ತಿತ್ತು, 25 ಹೆಕ್ಟೇರಿಗಿಂತ ದೊಡ್ಡದು ಮಾತ್ರ ಸಿಗುತ್ತಿತ್ತು. ಒತ್ತುವರಿದಾರರು ಕ್ರಮೇಣ ಸಣ್ಣ ಸಣ್ಣ ತುಂಡುಗಳಾಗಿ ಕಡಿಯತೊಡಗಿದಾಗ ಅದು ಸಾಲದಾಯಿತು. 2015ರ ಹೊತ್ತಿಗೆ ಇನ್ಪೆ ಬೇರೆ ಕ್ಯಾಮೆರಾಗಳಿಗೆ ಬದಲಾಯಿಸಿತು. ಅದರಲ್ಲಿ ಚೀನಾ ಜೊತೆ ಮಾಡಿದ ಸಿಬರ್ಸ್-4ರ 64 ಮೀಟರ್ ಕ್ಯಾಮೆರಾ ಒಂದು, ಇಸ್ರೋದ ರಿಸೋರ್ಸ್‌ಸ್ಯಾಟ್‌ನ 56 ಮೀಟರ್ ಕ್ಯಾಮೆರಾ ಇನ್ನೊಂದು. ಅಮೆಜಾನ್ ಕಾವಲಿನಲ್ಲಿ ನಮ್ಮ ಕ್ಯಾಮೆರಾ ಇತ್ತು ಎಂದು ಇಲ್ಲಿ ಹೆಚ್ಚು ಜನರಿಗೆ ಗೊತ್ತಿಲ್ಲ ಅಲ್ವಾ? 2021ರ ಫೆಬ್ರವರಿ 28ರಂದು ಬ್ರೆಜಿಲ್‌ನ ಸ್ವಂತ ಉಪಗ್ರಹ ಅಮೆಜೋನಿಯಾ-1 ಹಾರಿದ್ದೂ ಶ್ರೀಹರಿಕೋಟಾದಿಂದ, ಪಿಎಸ್‌ಎಲ್‌ವಿ ಮೇಲೆ. ಈ ಹೊಸ ಡೆಟೆರ್ ಬೋಳಾದ ಜಾಗ ಮತ್ತು ಆರಿಸಿ ಕಡಿದ ಜಾಗವನ್ನು ಬೇರೆ ಬೇರೆ ವರ್ಗವಾಗಿ ಗುರುತಿಸುತ್ತದೆ. ತರಬೇತಿ ಪಡೆದ ಜನ ಕಣ್ಣಿಂದ ನೋಡಿ ಗೆರೆ ಎಳೆಯುತ್ತಾರೆ. ಬ್ರೆಜಿಲ್ ಅಮೆಜಾನ್‌ಗೆ ಮಾತ್ರ ಕೆಲಸ ಮಾಡುವವರು ಮೊದಲು ನೋಡಬೇಕಾದದ್ದು ಇದನ್ನೇ. ಇದು ಅಧಿಕಾರಿಗಳನ್ನು ಬೇಗ ಸ್ಥಳಕ್ಕೆ ಕಳಿಸಲು ಮಾಡಿದ ವ್ಯವಸ್ಥೆ ಎಂಬುದು ಮಾತ್ರ ನೆನಪಿರಲಿ. ಈ ತಿಂಗಳು ಮೋಡ ಹೆಚ್ಚಿದ್ದರೆ ಅಂಕಿ ತಾನಾಗೇ ಇಳಿಯುತ್ತದೆ.

ಬ್ರೆಜಿಲ್ ಹೊರಗೆ ಗ್ಲೋಬಲ್ ಫಾರೆಸ್ಟ್ ವಾಚ್ ತಾಣ ಅನುಕೂಲ. ಅಲ್ಲಿ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಗ್ಲಾಡ್ ಎಚ್ಚರಿಕೆಗಳೂ ವಾಗೆನಿಂಗನ್ ವಿಶ್ವವಿದ್ಯಾಲಯದ ರಾಡ್ ಎಚ್ಚರಿಕೆಗಳೂ ಒಂದೇ ನಕ್ಷೆಯಲ್ಲಿ ಸಿಗುತ್ತವೆ. ಗ್ಲಾಡ್ ಬೆಳಕಿನ ಚಿತ್ರಗಳಿಂದ, ರಾಡ್ ಸೆಂಟಿನೆಲ್-1 ರೇಡಾರ್‌ನಿಂದ. ರಾಡ್ ಹಿಡಿಯುವ ಅತಿ ಚಿಕ್ಕ ಜಾಗ 0.1 ಹೆಕ್ಟೇರ್, ಅಂದರೆ ಹತ್ತು ಗುಂಟೆ. ದಾರಿ ಮತ್ತು ದೊಡ್ಡ ಅಂಗಳ ಸಿಗುತ್ತವೆ, ಒಂಟಿ ಮರದ ಕಂಡಿ ಸಾಮಾನ್ಯವಾಗಿ ತಪ್ಪಿಹೋಗುತ್ತದೆ. ಎರಡು ವ್ಯವಸ್ಥೆಗಳೂ ಒಂದೇ ಜಾಗವನ್ನು ಗುರುತಿಸಿದ್ದರೆ ತಾಣ ಅದಕ್ಕೆ ಅತಿ ಹೆಚ್ಚಿನ ಖಚಿತತೆ ಕೊಡುತ್ತದೆ. ಅಂಥವನ್ನು ಮೊದಲು ನೋಡಿ.

ಅದೇ ತಾಣದಲ್ಲಿ 2001ರಿಂದ ವರ್ಷವಾರು "ಮರಹೊದಿಕೆ ನಷ್ಟ" ಎಂಬ ಗುಲಾಬಿ ಬಣ್ಣದ ಪದರವಿದೆ. ಪತ್ರಿಕೆಗಳಲ್ಲಿ ಹೆಚ್ಚು ಬಳಕೆಯಾಗುವುದು ಅದೇ. ಆದರೆ ನೆಟ್ಟ ನೀಲಗಿರಿ ಕಟಾವು ಮಾಡಿದರೂ ಅಲ್ಲಿ ನಷ್ಟ ಅಂತಲೇ ಬರುತ್ತದೆ, ಸಹಜ ಕಾಡು ಕಡಿದರೂ ಹಾಗೇ. ಆರಿಸಿ ಕಡಿದ ಕಾಡಿನ ಇತಿಹಾಸ ಬೇಕಿದ್ದರೆ ಯುರೋಪಿಯನ್ ಒಕ್ಕೂಟದ ಸಂಶೋಧನಾ ಕೇಂದ್ರ 2021ರಲ್ಲಿ ಪ್ರಕಟಿಸಿದ ಉಷ್ಣವಲಯದ ತೇವ ಕಾಡುಗಳ ನಕ್ಷೆ ಎಷ್ಟೋ ಮೇಲು. 1990ರಿಂದ ಈಚಿನ ಲ್ಯಾಂಡ್‌ಸ್ಯಾಟ್ ಚಿತ್ರಗಳಲ್ಲಿ, ಸ್ವಲ್ಪ ಕಾಲ ಮಾತ್ರ ತೆರೆದು ಮತ್ತೆ ಹಸಿರಾದ ಪಿಕ್ಸೆಲ್‌ಗಳನ್ನು ಅದು "ಸೊರಗಿದ ಕಾಡು" ಎಂದು ಬೇರೆಯಾಗಿ ತೋರಿಸುತ್ತದೆ.

ಕಾಡಿನ ಎತ್ತರ ಅಳೆಯುವ ಲೇಸರ್ ಕೂಡ ಇದೆ. ಅಂತರಿಕ್ಷ ನಿಲ್ದಾಣದಲ್ಲಿರುವ ಗೆಡಿ ಎಂಬ ಉಪಕರಣ 2018ರಲ್ಲಿ ಅಲ್ಲಿಗೆ ಹೋಯಿತು. 25 ಮೀಟರ್ ವೃತ್ತಗಳಲ್ಲಿ ಅಳೆಯುತ್ತದೆ, ವೃತ್ತಗಳ ನಡುವೆ ದೊಡ್ಡ ಖಾಲಿ ಜಾಗಗಳಿವೆ. ಸರಾಸರಿ ಎತ್ತರಕ್ಕೆ ಸರಿ, ಕಡಿತದ ಕಾವಲಿಗೆ ಆಗದು.

ಕಂಡದ್ದು ಅಕ್ರಮವೇ?

ಯಾವ ಉಪಗ್ರಹವೂ ಇದಕ್ಕೆ ಉತ್ತರ ಕೊಡುವುದಿಲ್ಲ. ಪರವಾನಗಿ ಇದ್ದ ಕಡಿತವೂ ಇಲ್ಲದ್ದೂ ಮೇಲಿನಿಂದ ಒಂದೇ ಥರ. ಪರವಾನಗಿಯ ಗಡಿ ನಕ್ಷೆಯನ್ನು ಚಿತ್ರದ ಮೇಲೆ ಇಟ್ಟಾಗ ಮಾತ್ರ ಗೊತ್ತಾಗುತ್ತದೆ. ಇಮಾಜಾನ್ ಸಂಸ್ಥೆ ಬ್ರೆಜಿಲ್‌ನ ಪಾರಾ ರಾಜ್ಯದಲ್ಲಿ ವರ್ಷಗಳಿಂದ ಮಾಡುತ್ತಿರುವುದು ಇದನ್ನೇ. ಈ ಇಡೀ ಕ್ಷೇತ್ರದಲ್ಲಿ ನನಗೆ ಅತಿ ಹೆಚ್ಚು ಮುಖ್ಯ ಎನಿಸುವ ಕೆಲಸವೂ ಇದೇ.

ಇದರಲ್ಲಿ ಸಿಗುವ ಮೋಸ ಎರಡು ಬಗೆ. ಗಡಿಯ ಹೊರಗೆ, ಮೂಲನಿವಾಸಿಗಳ ಜಾಗದಲ್ಲೋ ರಕ್ಷಿತ ಅರಣ್ಯದಲ್ಲೋ ಅಂಗಳಗಳು ಕಾಣುವುದು ಒಂದು. ಅದು ಯಾರಿಗಾದರೂ ಹೊಳೆಯುತ್ತದೆ. ಇನ್ನೊಂದು ಇದಕ್ಕೆ ಉಲ್ಟಾ. ಪರವಾನಗಿ ಪ್ರಕಾರ ಇಷ್ಟು ಸಾವಿರ ಘನ ಮೀಟರ್ ಮರ ತೆಗೆದಿದ್ದೇವೆ ಎಂದು ಕಾಗದ ಹೇಳುತ್ತದೆ. ಚಿತ್ರದಲ್ಲಿ ಆ ಜಾಗ ಮುಟ್ಟದ ಕಾಡು, ಒಂದು ದಾರಿಯೂ ಇಲ್ಲ. ಹಾಗಾದರೆ ಆ ಕಾಗದದಲ್ಲಿ ಮಾರಾಟವಾದ ದಿಮ್ಮಿ ಎಲ್ಲಿಂದ ಬಂತು? ಬೇರೆಲ್ಲೋ ಕದ್ದು ಕಡಿದ ಮರಕ್ಕೆ ಈ ಪರವಾನಗಿಯಿಂದ ಕಾಗದ ಹುಟ್ಟಿಸಲಾಗಿದೆ. ದುಬಾರಿ ಇಪೆ ಮರದ ವಿಷಯದಲ್ಲಿ ಇದು ಹೆಚ್ಚು. ಪಾರಾ ರಾಜ್ಯದ ಪರವಾನಗಿಗಳನ್ನು ನೋಡಿದ 2018ರ ಒಂದು ಅಧ್ಯಯನ, ಕಾಡಿನಲ್ಲಿ ಇರಬಹುದಾದದ್ದಕ್ಕಿಂತ ಜಾಸ್ತಿ ಇಪೆ ಇದೆಯೆಂದು ಬರೆದುಕೊಂಡಿರುವುದನ್ನು ತೋರಿಸಿತು. 2024ರ ನವೆಂಬರ್‌ನಿಂದ ಇಪೆಯ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಸೈಟಿಸ್, ಅಂದರೆ ಅಪಾಯದಲ್ಲಿರುವ ಗಿಡ ಮತ್ತು ಪ್ರಾಣಿಗಳ ವ್ಯಾಪಾರ ಕುರಿತ ಒಪ್ಪಂದದ ನಿಯಂತ್ರಣವಿದೆ. ಮುಟ್ಟದ ಕಾಡಿನ ಒಂದು ಚಿತ್ರ ಹೀಗೆ ಕಳ್ಳತನಕ್ಕೆ ಸಾಕ್ಷಿಯಾಗುತ್ತದೆ. ಇದಕ್ಕೆ 30 ಸೆಂಟಿಮೀಟರ್ ಚಿತ್ರ ಬೇಕಿಲ್ಲ. ಕಡಿತದ ಕಾಲದ ಮೊದಲು ಮತ್ತು ನಂತರದ ಎರಡು ತಿಳಿಯಾದ ಸೆಂಟಿನೆಲ್-2 ಚಿತ್ರ ಸಾಕು.

ಇದೇ ವಿಧಾನ ಘಟ್ಟಕ್ಕೆ ಹೊಂದುತ್ತದಾ?

ಪಶ್ಚಿಮ ಘಟ್ಟದಲ್ಲಿ ಇದನ್ನು ಮಾಡಲು ಹೊರಟವರಿಗೆ ಎರಡು ಮಾತು. ನಾಗರಹೊಳೆ, ಬಂಡೀಪುರದ ಎಲೆ ಉದುರುವ ಕಾಡಿನಲ್ಲಿ ಬೇಸಿಗೆಯ ಎನ್‌ಡಿಎಫ್‌ಐ ನಂಬಬೇಡಿ. ಎಲೆ ಉದುರಿದ ತೇಗ ಅದರ ಕಣ್ಣಿಗೆ ಕಡಿದ ಕಾಡಿನ ಥರವೇ. ಹೋದ ವರ್ಷದ ಅದೇ ತಿಂಗಳ ಚಿತ್ರದ ಜೊತೆ ಹೋಲಿಸಿ, ಇಲ್ಲವೇ ಮಳೆ ಮುಗಿದು ಎಲೆ ಇನ್ನೂ ಉಳಿದಿರುವ ನವೆಂಬರ್, ಡಿಸೆಂಬರ್ ಆರಿಸಿ. ಎರಡನೆಯದು ಕೊಡಗು, ಚಿಕ್ಕಮಗಳೂರಿನ ಕಾಫಿ. ನೆರಳು ಮರಗಳ ಕೆಳಗಿನ ತೋಟ ಮೇಲಿನಿಂದ ಕಾಡೇ. ತೋಟದವರು ಸಿಲ್ವರ್ ಓಕ್ ತೆಗೆದರೆ ನಕ್ಷೆ ಅದನ್ನು ಕಾಡಿನ ಹಾನಿ ಎಂದು ತೋರಿಸಬಹುದು. ಯುರೋಪಿಯನ್ ಒಕ್ಕೂಟದ ಹೊಸ ನಿಯಮ 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದ ಕಾಫಿಯನ್ನು ಒಪ್ಪುವುದಿಲ್ಲ, ಜಾಗದ ನಕ್ಷೆಯನ್ನೂ ಕೇಳುತ್ತದೆ. ಹಾಗಾಗಿ ಬೆಳೆಗಾರರ ಮಟ್ಟಿಗೆ ಇದು ಬರಿ ಪಾಂಡಿತ್ಯದ ಚರ್ಚೆ ಅಲ್ಲ. ತೋಟದ ಗಡಿ ಮತ್ತು ಹಳೆಯ ಚಿತ್ರ ಕೈಯಲ್ಲಿದ್ದವರಿಗೆ ಅನುಕೂಲ.

ಹೊಸದಾಗಿ ಶುರು ಮಾಡುವವರು ಕೈ ಪಳಗಿಸಿಕೊಳ್ಳಲು ಜಮಾರಿಯನ್ನೇ ಆರಿಸಿ ಎಂದು ಹೇಳುತ್ತೇನೆ. ಗೂಗಲ್ ಅರ್ಥ್ ಎಂಜಿನ್ ಕಲಿಕೆಗೆ ಮತ್ತು ಸಂಶೋಧನೆಗೆ ಉಚಿತ, ಲ್ಯಾಂಡ್‌ಸ್ಯಾಟ್ ಮತ್ತು ಎರಡೂ ಸೆಂಟಿನೆಲ್ ಅಲ್ಲೇ ಸಿಗುತ್ತವೆ. ಒಂದೇ ವರ್ಷದ ಜೂನ್ ತಿಂಗಳ ಮತ್ತು ಕಡಿತ ಮುಗಿಯುವ ಹೊತ್ತಿನ ಎರಡು ಚಿತ್ರ ತೆಗೆದು ಎನ್‌ಡಿಎಫ್‌ಐ ವ್ಯತ್ಯಾಸ ಹಾಕಿ. ಗುತ್ತಿಗೆ ಪ್ರದೇಶಗಳ ಗಡಿಯನ್ನು ಬ್ರೆಜಿಲ್ ಅರಣ್ಯ ಸೇವೆ ಪ್ರಕಟಿಸುತ್ತದೆ, ಅದನ್ನು ಮೇಲೆ ಇಡಿ. ಆಮೇಲೆ ಅದೇ ಜಾಗದ ರಾಡ್ ಎಚ್ಚರಿಕೆಗಳನ್ನು ಪಕ್ಕದಲ್ಲಿ ತೆರೆದು, ಒಂದರಲ್ಲಿ ಕಂಡದ್ದು ಇನ್ನೊಂದರಲ್ಲಿ ಎಷ್ಟು ತಪ್ಪಿದೆ ಎಂದು ಅಂಗಳ ಅಂಗಳ ಎಣಿಸಿ ನೋಡಿ. ಆ ಎಣಿಕೆ ಮುಗಿಯುವ ಹೊತ್ತಿಗೆ ನಿಮ್ಮ ಕಾಡಿಗೆ ಯಾವ ಉಪಗ್ರಹ ಬೇಕೆಂದು ಯಾರನ್ನೂ ಕೇಳಬೇಕಾಗುವುದಿಲ್ಲ.